ಮಡಿಕೆಯ ಮೇಲಿನ ಅಕ್ಷರ

ಉತ್ತರ ಕರ್ನಾಟಕದ ಹಳೆಯ ಮನೆಗಳ ಅಟ್ಟದಲ್ಲಿ ಒಂದು ಗಂಟು ಇರುತ್ತದೆ. ಕೆಂಪು ಅರಿವೆಯದ್ದೋ, ಹರಿದ ಧೋತರದ ತುಂಡಿನದ್ದೋ. ಬಿಚ್ಚಿದರೆ ಧೂಳು, ಹುಳು ತಿಂದ ಅಂಚು, ಉದ್ದಕ್ಕೆ ಮಡಿಚಿಟ್ಟ ಕಾಗದಗಳು. ಇವೇನೆಂದು ಹಿರಿಯರನ್ನು ಕೇಳಿದರೆ, "ಮೋಡಿ ಕಾಗದಾ ಅವು. ಓದಾಕ ಯಾರಿಗೂ ಬರಂಗಿಲ್ಲ. ಆದರ ಒಗೀಬ್ಯಾಡ್ರಿ" ಅನ್ನುತ್ತಾರೆ. ಓದಲೂ ಆಗದ, ಒಗೆಯಲೂ ಆಗದ ವಸ್ತು ಅದು. ದಸರೆಯಲ್ಲಿ ಖಂಡೇಪೂಜೆಯ ದಿನ ಆ ಗಂಟಿಗೂ ಒಂದಿಷ್ಟು ಕುಂಕುಮ ಹಚ್ಚಿ ಮತ್ತೆ ಮೇಲಿಡುವ ಮನೆಗಳನ್ನು ನಾನು ಕಂಡಿದ್ದೇನೆ. ಓದಲು ಬಾರದ್ದನ್ನು ಪೂಜಿಸುವುದು ನಮಗೆ ಯಾವಾಗಲೂ ಸುಲಭವಾಗಿ ಬರುತ್ತದೆ.

ಮೋಡಿ ಎಂದರೆ ಕನ್ನಡದಲ್ಲಿ ಮಾಟ, ಮರುಳು. ಲಿಪಿಯ ಹೆಸರು ಮಾತ್ರ ಮರಾಠಿಯ ಕಡೆಯಿಂದ ಬಂದದ್ದು. ಅಕ್ಷರವನ್ನು ಮುರಿದು, ಬಾಗಿಸಿ ಬರೆಯುವುದರಿಂದ ಆ ಹೆಸರು ಎನ್ನುತ್ತಾರೆ. ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿ ಪಂಡಿತ ಇದನ್ನು ತಂದನೆಂಬ ಕತೆಯೂ ಇದೆ. ಕತೆ ಹೇಗಿದ್ದರೂ ಅದು ಗುಮಾಸ್ತರ ಲಿಪಿ, ಅವಸರದ ಲಿಪಿ. ಮೊದಲು ಕಾಗದದ ಅಗಲಕ್ಕೂ ಒಂದು ಗೆರೆ ಎಳೆಯುವುದು, ಆಮೇಲೆ ಆ ಗೆರೆಗೆ ಅಕ್ಷರಗಳನ್ನು ಗೂಟಕ್ಕೆ ಅರಿವೆ ಜೋತುಹಾಕಿದ ಹಾಗೆ ಜೋತುಹಾಕುತ್ತ ಹೋಗುವುದು. ಆದಷ್ಟು ಮಟ್ಟಿಗೆ ಲೇಖನಿಯನ್ನು ಎತ್ತಬಾರದು. ಶಬ್ದ ಶಬ್ದಗಳ ನಡುವೆ ತೆರವಿಲ್ಲ, ಪೂರ್ಣವಿರಾಮವಿಲ್ಲ, ಹ್ರಸ್ವ ದೀರ್ಘಗಳ ಲೆಕ್ಕವಿಲ್ಲ, ಅನುಸ್ವಾರ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಹಳೆಯ ಮೈಸೂರಿನ ಕಡೆಗೆ ಕನ್ನಡ ಅಕ್ಷರಗಳನ್ನೇ ಓಡಿಸಿ ಬರೆದದ್ದಕ್ಕೂ ಮೋಡಿ ಎನ್ನುವ ರೂಢಿಯುಂಟು. ಮಲೆನಾಡಿನ ಮಠಗಳಲ್ಲಿ ಅರಿವೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಬಳಪದಿಂದ ಬರೆದ ಕಡತಗಳಿವೆ. ಅವುಗಳ ಬರಹವೂ ಹೀಗೇ ಓಡುತ್ತದೆ. ನಮ್ಮ ಕಡೆಯದು ಮರಾಠಿ ಮೋಡಿ.

ನಮ್ಮ ಕಡೆ ಎಂದರೆ ಕರ್ಜಗಿಯ ಕಡೆ, ವರದಾ ನದಿಯ ಸೀಮೆ. ಕರ್ಜಗಿ ಎಂದರೆ ಇಂದಿನವರಿಗೆ ಹಾವೇರಿಯಿಂದ ಸವಣೂರಿನತ್ತ ಹೋಗುವ ರೈಲಿಗೆ ಸಿಗುವ ಒಂದು ನಿಲ್ದಾಣ, ಕಾರಹುಣ್ಣಿಮೆ ಜೋರಾಗಿ ನಡೆಯುವ ಒಂದು ಊರು. ಬ್ರಿಟಿಷರ ಕಾಲದಲ್ಲಿ ಅದು ಧಾರವಾಡ ಜಿಲ್ಲೆಯ ಒಂದು ತಾಲೂಕಿನ ಹೆಸರಾಗಿತ್ತು, ಹಾವೇರಿ ಆ ತಾಲೂಕಿನೊಳಗಿನ ಊರು. 1997ರಲ್ಲಿ ಹಾವೇರಿಯೇ ಜಿಲ್ಲೆಯಾಯಿತು, ಕರ್ಜಗಿ ಅದರ ಒಂದು ಹಳ್ಳಿಯಾಗಿ ಉಳಿಯಿತು. ಹಳೆಯ ಕಾಗದ ಓದುವವರಿಗೆ ಇದು ಗೊತ್ತಿರಬೇಕು. ಇಲ್ಲದಿದ್ದರೆ 'ತಾಲೂಕೆ ಕರ್ಜಗಿ' ಎಂದು ಬರೆದದ್ದನ್ನು ಕಂಡು, ಬರೆದವನೇ ಏನೋ ಗೊಂದಲ ಮಾಡಿದ್ದಾನೆ ಅನ್ನಿಸುತ್ತದೆ.

1818ರಲ್ಲಿ ಪೇಶವೆ ಆಳಿಕೆ ಮುಗಿಯಿತು. ಆದರೆ ಆಳಿಕೆ ಹೋದಷ್ಟು ಬೇಗ ಬರವಣಿಗೆ ಹೋಗುವುದಿಲ್ಲ. ಕುಲಕರ್ಣಿಯ ದಫ್ತರದಲ್ಲಿ ಮರಾಠಿಯೇ ಉಳಿಯಿತು, ಮೋಡಿಯೇ ಉಳಿಯಿತು. 1860ರ ದಶಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಜೀವ ತೇಯ್ದ ಮೇಲೂ ಎಷ್ಟೋ ಮನೆಗಳ ಖಾಸಗಿ ವ್ಯವಹಾರ ಮೋಡಿಯಲ್ಲೇ ನಡೆಯಿತು. ಮಾತು ಕನ್ನಡ, ಜಗಳ ಕನ್ನಡ, ಜೋಗುಳ ಕನ್ನಡ. ಕಾಗದ ಮಾತ್ರ ಮರಾಠಿ. ಕೊನೆಗೆ 1950ರ ಕಾಯಿದೆಯಿಂದ ಮುಂಬಯಿ ಪ್ರಾಂತದಲ್ಲಿ ಕುಲಕರ್ಣಿ ವತನಗಳು ರದ್ದಾದವು. ದಫ್ತರ ಹೊಸ ತಲಾಠಿಯ ಕೈಗೆ ಹೋಯಿತು, ಮನೆಯ ಕಾಗದಗಳು ಗಂಟು ಕಟ್ಟಿಸಿಕೊಂಡು ಅಟ್ಟ ಏರಿದವು. ಓದಬಲ್ಲವರು ಒಬ್ಬೊಬ್ಬರಾಗಿ ತೀರಿಹೋದರು.

ನಾನು ಮೋಡಿ ಕಲಿತದ್ದು ಸುಮಾರು 30 ವರ್ಷದ ಹಿಂದೆ, ಹಾವೇರಿಯಲ್ಲಿದ್ದ ಒಬ್ಬ ನಿವೃತ್ತ ಮಾಸ್ತರರಿಂದ. ಅವರು ತಮ್ಮ ತಂದೆಯಿಂದ ಕಲಿತವರು. ಮಕ್ಕಳು ಶಾಲೆಗೆ ಹೋದ ಮೇಲೆ, ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಅವರಲ್ಲಿಗೆ ಹೋಗುತ್ತಿದ್ದೆ. "ಹೆಣ್ಣುಮಕ್ಕಳು ಪೋಥಿ ಓದಾಕ ಬಾಲಬೋಧ ಕಲೀತಿದ್ರು. ಮೋಡಿ ಕಲಿಯಾಕ ಬಂದಾಕಿ ನೀನ ಮೊದಲನೇಯಾಕಿ" ಎಂದು ಅವರು ಅಂದದ್ದು ನೆನಪಿದೆ. ಹೊಗಳಿಕೆಯೋ ಆಶ್ಚರ್ಯವೋ ತಿಳಿಯಲಿಲ್ಲ. ಆದರೆ ಆ ಮಾತಿನಲ್ಲಿ ಒಂದು ದೊಡ್ಡ ಸಂಗತಿ ಇತ್ತು. ದೇವರ ಲಿಪಿ ಹೆಣ್ಣಿಗೆ ಸಿಕ್ಕಿತ್ತು. ಹೊಲ ಮನೆಯ ಲಿಪಿ ಸಿಕ್ಕಿರಲಿಲ್ಲ.

ಅವರು ಮೊದಲು ಓದಿಸಲಿಲ್ಲ, ಬರೆಸಿದರು. ಅಕ್ಷರದ ರೂಪವನ್ನು ಕಣ್ಣಿನಿಂದ ಹಿಡಿಯಲು ಹೋದರೆ ಹತ್ತು ಅಕ್ಷರ ಒಂದೇ ಥರ ಕಾಣಿಸುತ್ತವೆ. ಕೈಯಿಂದ ಬರೆದಾಗ ಗೆರೆ ಎಲ್ಲಿ ಹುಟ್ಟಿತು, ಎಲ್ಲಿ ತಿರುಗಿತು, ಮುಂದಿನ ಅಕ್ಷರಕ್ಕೆ ಎಲ್ಲಿಂದ ಜಿಗಿಯಿತು ಎಂಬುದು ತಿಳಿಯುತ್ತದೆ. ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮುಗಿದ ರಂಗೋಲಿಯನ್ನು ನೋಡಿ ಕಲಿಯುವುದು ಕಷ್ಟ, ಹಾಕುವಾಗ ನೋಡಿದರೆ ಸುಲಭ. ಆಮೇಲೆ ಊರ ಹೆಸರುಗಳು. ಯಾವ ಕಾಗದದಲ್ಲೂ ಊರ ಹೆಸರು ಇದ್ದೇ ಇರುತ್ತದೆ, ಅದು ಇಂಥದೇ ಎಂದು ನಮಗೆ ಮೊದಲೇ ಗೊತ್ತಿರುತ್ತದೆ. ಕರ್ಜಗಿ ಎಂಬ ಒಂದೇ ಹೆಸರಿನಿಂದ ಆ ಬರೆದವನ ಕ, ರ, ಜ, ಗ ಕೈಗೆ ಬಂದವು. ಹೊಸರಿತ್ತಿಯಿಂದ ಹ, ಸ, ತ. ಸವಣೂರಿನಿಂದ ವ, ಣ. ಗುತ್ತಲದಿಂದ ಲ. ಹೀಗೆ ನಮ್ಮ ಸುತ್ತಲಿನ ಊರುಗಳೇ ನನಗೆ ಅಕ್ಷರಮಾಲೆಯಾದವು. ಬರೆಯುವ ಕೈ ಬದಲಾದರೆ ಮತ್ತೆ ಮೊದಲಿನಿಂದ.

ಕಾಲದ ಲೆಕ್ಕ ಇನ್ನೊಂದು ತೊಡಕು. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ. ಫಸಲಿಗೆ 590. ಹಳೆಯ ಪೇಶವೆ ಕಾಗದಗಳಲ್ಲಿ ಶುಹೂರ್ ಸನ ಎಂದು ಇನ್ನೊಂದುಂಟು. ಅಲ್ಲಿ ಅಂಕಿಯನ್ನು ಅರಬ್ಬಿ ಶಬ್ದಗಳಲ್ಲಿ ಬರೆಯುತ್ತಿದ್ದರು: ಇಸನ್ನೆ, ಸಲಾಸ, ಅರ್ಬಾ, ಖಮಸ. ಕನ್ನಡದ ಮನೆ, ಮರಾಠಿ ಭಾಷೆ, ಅರಬ್ಬಿ ಅಂಕಿ. ಶುದ್ಧವಾದ ನಾಡು ಎಂದು ಭಾಷಣ ಮಾಡುವವರು ಒಮ್ಮೆ ನಮ್ಮ ಅಟ್ಟ ಹತ್ತಿ ನೋಡಬೇಕು. ಇರಲಿ.

ಮಾಸ್ತರರು ಕೊಟ್ಟ ನಿಯಮ ಒಂದೇ. "ಕಂಡದ್ದನ್ನ ಹೇಳು, ತಿಳಿದದ್ದನ್ನ ಹೇಳಬ್ಯಾಡ." ಮೊದಲಿಗೆ ಇದು ಶಾಲೆಯ ಶಿಸ್ತಿನಂತೆ ಕೇಳಿಸುತ್ತದೆ. ಆದರೆ ನಾವು ದಿನನಿತ್ಯ ಓದುವುದೇ ತಿಳಿದದ್ದರಿಂದ. ಪತ್ರಿಕೆ ಓದುವಾಗ ಯಾರೂ ಅಕ್ಷರ ಅಕ್ಷರ ನೋಡುವುದಿಲ್ಲ. ಶಬ್ದದ ತಲೆ ಕಂಡರೆ ಬಾಲವನ್ನು ಮನಸ್ಸೇ ಜೋಡಿಸಿಬಿಡುತ್ತದೆ. ಮನುಷ್ಯರನ್ನು ಓದುವುದೂ ಹೀಗೇ. ಬಾಗಿಲಲ್ಲಿ ನಿಂತ ನೆರೆಮನೆಯವಳ ಮೊದಲ ಅರ್ಧ ಮಾತಿಗೇ ಅವಳು ಏನು ಕೇಳಲು ಬಂದಿದ್ದಾಳೆಂದು ತೀರ್ಮಾನವಾಗಿ, ಉಳಿದರ್ಧ ಕಿವಿಗೇ ಬೀಳುವುದಿಲ್ಲ. ಹಳೆಯ ಕೈಬರಹ ಈ ಚಾಳಿಗೆ ಅಡ್ಡ ನಿಲ್ಲುತ್ತದೆ. ಅಲ್ಲಿ ಮನಸ್ಸು ಮುಂದೆ ಓಡಿತೆಂದರೆ ಕಾಗದದಲ್ಲಿ ಇಲ್ಲದ ಹೊಲ ಬಂದು ಸೇರುತ್ತದೆ, ಇದ್ದ ಸಾಲ ಮಾಯವಾಗುತ್ತದೆ.

ಎಡಿನ್‌ಬರೋದಲ್ಲಿ ಕೆಲಸಕ್ಕಿರುವ ನಮ್ಮ ಬಳಗದ ಹುಡುಗಿಯೊಬ್ಬಳು ಒಮ್ಮೆ ಅಲ್ಲಿನ ಹಳೆಯ ಚರ್ಚಿನ ಕಾಗದಗಳ ಕೆಲವು ಚಿತ್ರಗಳನ್ನು ತೋರಿಸಿದಳು. ಸ್ಕಾಟ್ಲೆಂಡಿನಲ್ಲಿ ಪಾದ್ರಿಯೂ ಊರ ಹಿರಿಯರೂ ಕೂಡಿ ನಡೆಸುತ್ತಿದ್ದ ಚರ್ಚಿನ ಪಂಚಾಯಿತಿಗೆ ಕರ್ಕ್ ಸೆಷನ್ ಎಂದು ಹೆಸರು. ಅದರ ನಡಾವಳಿ ಪುಸ್ತಕಗಳ ಚಿತ್ರಗಳನ್ನು 2021ರಿಂದ ಯಾರು ಬೇಕಾದರೂ ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ನೋಡಬಹುದಂತೆ. ನೋಡಬಹುದು, ಆದರೆ ಓದಲು ಕಲಿಯಬೇಕು. ಇಂಗ್ಲಿಷ್ ಬಲ್ಲ ನನ್ನ ಮಗನಿಗೆ ಅದರಲ್ಲಿ ಒಂದು ಸಾಲೂ ಓದಲಾಗಲಿಲ್ಲ. ಅಲ್ಲಿಯೂ ಗುಮಾಸ್ತನ ಅವಸರದ ಕೈ. 'ಸಿ' ಅಕ್ಷರ 'ಆರ್' ಆಗಿ ಕಾಣುತ್ತದೆ, 'ಇ' ಬೆನ್ನು ತಿರುಗಿಸಿ ಕುಳಿತಿರುತ್ತದೆ, 'ವಾಟ್' ಎಂಬ ಶಬ್ದಕ್ಕೆ ಕ್ಯೂ, ಯು, ಎಚ್ ಹಾಕಿ ಬರೆಯುತ್ತಾರೆ. 1600ರ ತನಕ ಅವರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು ಎಂಬುದೂ ನೆನಪಿರಬೇಕು. ನಮ್ಮ ಯುಗಾದಿಯ ಆಸುಪಾಸು! ಅಲ್ಲಿಯೂ ಕಲಿಸುವವರು ಹೇಳುವುದು ಇದನ್ನೇ: ಗೊತ್ತಿರುವ ಹೆಸರುಗಳಿಂದ ಅಕ್ಷರ ಹೆಕ್ಕಿಕೊಳ್ಳಿ, ಊಹಿಸಬೇಡಿ.

ಆ ಪುಸ್ತಕಗಳಲ್ಲಿ ತುಂಬಿರುವುದು ಹೆಂಗಸರು. ಮದುವೆಯಾಗದೆ ಬಸುರಾದವರನ್ನು ಹಿರಿಯರ ಮುಂದೆ ಕರೆಸಿ, ತಂದೆ ಯಾರೆಂದು ಕೇಳಿ, ಉತ್ತರವನ್ನು ಬರೆಸಿ, ಆಮೇಲೆ ಚರ್ಚಿನಲ್ಲಿ ಎಲ್ಲರೆದುರು ತಪ್ಪಿತಸ್ಥರ ಪೀಠದಲ್ಲಿ ನಿಲ್ಲಿಸುತ್ತಿದ್ದರು. 'ಹಾಜರಾದಳು, ಕೇಳಲಾಗಿ ಒಪ್ಪಿಕೊಂಡಳು' ಎಂಬ ಧಾಟಿಯಲ್ಲೇ ಬರಹ ಸಾಗುತ್ತದೆ. ಅವಳು ಆ ದಿನ ಹೇಗೆ ಅಂದಳು, ಅತ್ತಳೋ ಸಿಟ್ಟಾದಳೋ, ಅದನ್ನು ಬರೆಯುವುದು ಗುಮಾಸ್ತನ ಕೆಲಸವಲ್ಲ. ಒಂದು ವಿಷಯದಲ್ಲಿ ಮಾತ್ರ ಅಲ್ಲಿನ ಹೆಂಗಸರನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಸ್ಕಾಟ್ಲೆಂಡಿನ ಹಳೆಯ ದಾಖಲೆಗಳಲ್ಲಿ ಮದುವೆಯಾದ ಮೇಲೂ ಹೆಂಗಸಿಗೆ ತವರಿನ ಹೆಸರೇ ಇರುತ್ತದೆ. ಹಾಗಾಗಿ ಮೊಮ್ಮಕ್ಕಳು ಅವಳ ತವರನ್ನು ಹುಡುಕಿ ಹಿಡಿಯಬಹುದು. ನಮ್ಮ ಕಾಗದಗಳಲ್ಲಿ ಗಂಡಸು 'ಬಿನ್' ಎಂದು ಅಪ್ಪನ ಹೆಸರು ಹಿಡಿದು ನಿಲ್ಲುತ್ತಾನೆ, ಹೆಂಗಸು 'ಕೋಂ' ಎಂದು ಗಂಡನ ಹೆಸರು ಹಿಡಿದು. ಮದುವೆಯಲ್ಲಿ ಅವಳ ಸ್ವಂತ ಹೆಸರೂ ಬದಲಾಗಿರುತ್ತದೆ. ಹುಟ್ಟಿದ ಊರಿನ ಸುಳಿವೂ ಇರುವುದಿಲ್ಲ.

ಇಲ್ಲಿಗೆ ಬಂದ ಮೇಲೆ ನಮ್ಮ ಮನೆಯ ಗಂಟಿನ ಒಂದು ಕಾಗದದ ಬಗ್ಗೆ ಹೇಳಬೇಕು. ಫಸಲಿ 1302ರದು, ಅಂದರೆ 1892-93. ನಮ್ಮ ಮನೆತನದ ಒಬ್ಬ ವಿಧವೆ ಬರೆದುಕೊಟ್ಟ ಪತ್ರ. ಅವಳ ಹೆಸರನ್ನು ಇಲ್ಲಿ ಕಾಣಿಸುವುದಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ. ಸಣ್ಣ ವಯಸ್ಸಿಗೆ ಗಂಡ ಸತ್ತಿದ್ದಾನೆ, ಮಕ್ಕಳಿಲ್ಲ. ಗಂಡನ ಹೊಲ ಮನೆಯ ಮೇಲೆ ತನಗೆ ಯಾವ ಹಕ್ಕೂ ಇಲ್ಲವೆಂದೂ, ಇದ್ದುದನ್ನು ಭಾವ ಮೈದುನರಿಗೆ ಬಿಟ್ಟುಕೊಟ್ಟಿರುವೆನೆಂದೂ, ಪ್ರತಿಯಾಗಿ ಅವರು ವರ್ಷಕ್ಕೆ ಇಷ್ಟು ಜೋಳ, ಎರಡು ಸೀರೆ, ನಡುಮನೆಯ ಮಗ್ಗುಲಿನ ಕೋಣೆ ಕೊಡತಕ್ಕದ್ದೆಂದೂ, ಇದನ್ನೆಲ್ಲ 'ರಾಜಿಖುಷಿ'ಯಿಂದ ಬರೆದುಕೊಟ್ಟಿರುವೆನೆಂದೂ ಅದರಲ್ಲಿದೆ.

ರಾಜಿಖುಷಿ ಎಂಬುದು ಎಲ್ಲ ಕಾಗದದಲ್ಲೂ ಬರುವ ಮಾತು. ಸಾಲಕ್ಕೆ ಹೊಲ ಗಹಾಣ ಇಟ್ಟವನೂ ರಾಜಿಖುಷಿ, ಮನೆ ಕಳೆದುಕೊಂಡವನೂ ರಾಜಿಖುಷಿ. ಅದನ್ನು ಓದಲು ಕಲಿಯುವುದು ಸುಲಭ, ನಂಬಲು ಕಲಿಯುವುದು ಬೇಡ.

ಕೆಳಗೆ ಸಾಕ್ಷಿಗಳ ಹೆಸರು, ಬರೆದವನ ಹೆಸರು. ಅವಳ ಹೆಸರಿನ ಮುಂದೆ ಒಂದು ವೃತ್ತ. ಬರೆಯಲು ಬಾರದವರು ಆಗ ಹೆಬ್ಬೆಟ್ಟು ಒತ್ತುವ ಬದಲು ನಿಶಾನಿ ಹಾಕುತ್ತಿದ್ದರು. ಒಕ್ಕಲಿಗನದು ನೇಗಿಲು, ವ್ಯಾಪಾರಿಯದು ತಕ್ಕಡಿ, ಹೆಂಗಸಿನದು ಬಳೆ. ಆ ವೃತ್ತ ಬಳೆ. ಕೈಯಿಂದ ಬಳೆ ತೆಗೆಸಿ, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿದ ಹೆಂಗಸಿಗೆ ಕಾಗದದ ಮೇಲೆ ಮಾತ್ರ ಬಳೆಯ ಗುರುತು! ಯಾರಿಗೂ ಇದು ವಿಚಿತ್ರ ಅನ್ನಿಸಿರಲಿಕ್ಕಿಲ್ಲ. ಹೆಂಗಸಿನ ನಿಶಾನಿ ಬಳೆ, ಅಷ್ಟೇ, ರಿವಾಜು. ಗುಮಾಸ್ತನ ಗೆರೆಗಳೆಲ್ಲ ನೀರು ಹರಿದಂತೆ ಇವೆ. ಈ ಬಳೆ ಮಾತ್ರ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಎರಡು ತುದಿಗಳು ಸರಿಯಾಗಿ ಕೂಡಿಲ್ಲ. ಲೇಖನಿ ಹಿಡಿದು ಗೊತ್ತಿಲ್ಲದ ಕೈ ಅದು. ಇಡೀ ಕಾಗದದಲ್ಲಿ ಅವಳದು ಎನ್ನಬಹುದಾದದ್ದು ಅದೊಂದೇ. ಭಾಷೆ ಅವಳದಲ್ಲ, ಲಿಪಿ ಅವಳದಲ್ಲ, ಬರೆದ ಕೈ ಅವಳದಲ್ಲ. ಓದಿ ಹೇಳಿದ್ದನ್ನು ಕೇಳಿ ತಿಳಿದುಕೊಂಡಿರುವೆನು ಎಂಬ ಮಾತೂ ಅದರಲ್ಲಿದೆ, ಓದಿದ್ದು ಮರಾಠಿಯಲ್ಲಿ.

ತೊಡಕು ಇರುವುದು ನಾಲ್ಕನೆಯ ಸಾಲಿನಲ್ಲಿ. ಸಾಯುವ ಹೊತ್ತಿಗೆ ಗಂಡ ಅಣ್ಣತಮ್ಮಂದಿರಿಂದ 'ವಿಭಕ್ತ'ನಾಗಿದ್ದನೋ 'ಅವಿಭಕ್ತ'ನಾಗಿದ್ದನೋ ಎಂಬ ಶಬ್ದ ಅಲ್ಲಿ ಬರುತ್ತದೆ. 'ವಿಭಕ್ತ' ಸ್ಪಷ್ಟವಾಗಿದೆ. ಅದರ ಹಿಂದೆ 'ಅ' ಇರಬೇಕಾದ ಜಾಗದಲ್ಲೇ ಕಾಗದದ ಮಡಿಕೆ ಬಿದ್ದಿದೆ. ನೂರಾರು ಸಲ ಬಿಚ್ಚಿ ಮಡಿಚಿ ಅಲ್ಲಿನ ನಾರು ಸವೆದು ಬೆಳಕು ಹಾಯುತ್ತದೆ. ಅಂಚಿಗೆ ಶಾಯಿಯ ಒಂದು ಸಣ್ಣ ಚುಕ್ಕೆ ಉಳಿದಿದೆ. ಅದು 'ಅ'ದ ಬಾಲವಿರಬಹುದು, ಹಿಂದಿನ ಶಬ್ದದಿಂದ ಎಳೆದು ತಂದ ಗೆರೆಯೂ ಇರಬಹುದು. ಶಬ್ದಗಳ ನಡುವೆ ತೆರವು ಬಿಡದ ಲಿಪಿಯಲ್ಲಿ ಇದನ್ನು ಬಿಡಿಸುವುದು ಆಗದ ಮಾತು. ಭೂತಗನ್ನಡಿ ಹಿಡಿದೆ, ಬಿಸಿಲಿಗೆ ಹಿಡಿದೆ, ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದೆ.

ಒಂದು ಅಕ್ಷರ ಅಲ್ಲವೆ ಎನ್ನಬೇಡಿ. ಆಗಿನ ಹಿಂದೂ ಕಾಯಿದೆಯಲ್ಲಿ ಅವಿಭಕ್ತ ಕುಟುಂಬದ ಗಂಡ ಮಕ್ಕಳಿಲ್ಲದೆ ಸತ್ತರೆ ಅವನ ಪಾಲು ಅಣ್ಣತಮ್ಮಂದಿರಿಗೆ ಸೇರುತ್ತಿತ್ತು, ಹೆಂಡತಿಗೆ ಅನ್ನವಸ್ತ್ರ ಮಾತ್ರ. ಅವನು ಪಾಲು ಹಂಚಿಕೊಂಡು ಬೇರೆಯಾಗಿದ್ದರೆ ಅವನ ಆಸ್ತಿ ಹೆಂಡತಿಗೆ ಬರುತ್ತಿತ್ತು. ಮಾರುವ ಪೂರ್ಣ ಅಧಿಕಾರ ಇಲ್ಲದಿದ್ದರೂ ಜೀವ ಇರುವ ತನಕ ಅವಳೇ ಒಡತಿ. ಅವಿಭಕ್ತ ಕುಟುಂಬದ ವಿಧವೆಗೂ ಗಂಡನ ಪಾಲಿನಲ್ಲಿ ಹಕ್ಕು ಬಂದದ್ದು 1937ರ ಕಾಯಿದೆಯಿಂದ. ಪೂರ್ಣ ಹಕ್ಕು 1956ರಲ್ಲಿ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಎಂಬುದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಇವೆಲ್ಲ ಅವಳ ಪಾಲಿಗೆ ಬಹಳ ತಡ. ಆ 'ಅ' ಇದ್ದರೆ ನಮ್ಮ ಹಿರಿಯರು ಕಾಯಿದೆಯಂತೆ ನಡೆದು ಒಬ್ಬ ಅನಾಥೆಯನ್ನು ಸಾಕಿದವರು. ಇಲ್ಲದಿದ್ದರೆ ಅವಳ ಹೊಲವನ್ನು ಎರಡು ಸೀರೆಗೆ ಬರೆಸಿಕೊಂಡವರು.

ನಮ್ಮ ಮನೆಯಲ್ಲಿ ಬೆಳೆದವರೆಲ್ಲ ಆಕೆಯ ಬಗ್ಗೆ ಒಂದು ಮಾತು ಕೇಳಿದ್ದೇವೆ. "ಆಕೀಗೆ ಯಾರೂ ಇರ್ಲಿಲ್ಲ, ನಾವ ಸಾಕೀವಿ." ಮನೆತನದ ಧರ್ಮಬುದ್ಧಿಗೆ ಅದೊಂದು ಪ್ರಮಾಣಪತ್ರದ ಹಾಗೆ ತಲೆಮಾರುಗಳಿಂದ ಬಂದಿದೆ. ಮನೆತನದ ಚರಿತ್ರೆ ಬರೆದು ಅಚ್ಚು ಹಾಕಿಸಬೇಕೆಂದಿರುವ ನಮ್ಮವನೊಬ್ಬ ಬಂದು, "ಅವಿಭಕ್ತ ಅಂತನ ಬರೀರಿ, ಆವಾಗ ಎಲ್ಲಾರೂ ಕೂಡೇ ಇದ್ರು, ಇದರಾಗ ಏನು ಸಂಶಯ?" ಎಂದ. ಅವನ ಮಾತು ಸುಳ್ಳೆನ್ನುವಂತಿಲ್ಲ. ಆಗ ಕೂಡಿ ಇರುವುದೇ ರೂಢಿ. ಹುಬ್ಬಳ್ಳಿಯ ಕಾಲೇಜಿನಲ್ಲಿ ಕಲಿಸುವ ಇನ್ನೊಬ್ಬಳು, "ವಿಭಕ್ತ ಅಂತ ಕಣ್ಣಿಗೆ ಕಾಣಿಸ್ತಿದೆಯಲ್ಲ ಅತ್ತೆ, ಕಾಣದ ಅಕ್ಷರ ಯಾಕೆ ಹುಡುಕಬೇಕು? ಕಂಡದ್ದನ್ನ ಹೇಳು ಅನ್ನೋದು ನಿಮ್ಮ ಮಾಸ್ತರರ ನಿಯಮ ಅಲ್ಲವೆ?" ಎಂದಳು. ಜಾಣೆ.

ಅವಳಿಗೆ ಉತ್ತರ ಕೊಡುವುದು ಹೆಚ್ಚು ಕಷ್ಟವಾಯಿತು. ನನ್ನ ಮನಸ್ಸು ವಾಲುವುದೂ ಅವಳ ಕಡೆಗೇ. ನಾನು ಆ ಜಾಗವನ್ನು ತೆರವು ಬಿಟ್ಟು, ಇಲ್ಲಿ ಮಡಿಕೆಯಲ್ಲಿ ಅಕ್ಷರ ಹೋಗಿದೆ ಎಂದು ಬರೆಯುತ್ತೇನೆಂದಾಗ ಅವಳು ಸಿಟ್ಟಾದಳು. "ತೆರವು ಬಿಟ್ಟರೆ ಗೆಲ್ಲೋದು ಯಾರು ಗೊತ್ತೇನು? ಮೊದಲೇ ಕತೆ ಕಟ್ಟಿಟ್ಟವರು. ಸಾಕೀವಿ ಸಾಕೀವಿ ಅಂತ ನೂರು ವರ್ಷ ಹೇಳಿದ್ದಾರಲ್ಲ, ಆ ಖಾಲಿ ಜಾಗದಲ್ಲಿ ಅವರೇ ಬಂದು ಕೂರ್ತಾರೆ. ನ್ಯಾಯ ಅಂತ ನೀವು ಸುಮ್ಮನಿದ್ದರೆ ಅದು ಅವರಿಗೇ ಸಲ್ಲುತ್ತೆ."

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಅದರಲ್ಲಿ ನಿಜವಿದೆ. ಬಲವುಳ್ಳವರೂ ಬಲವಿಲ್ಲದವರೂ ಎದುರೆದುರಾದಾಗ ನಡುವೆ ನಿಂತೆ ಎನ್ನುವವನು ಎಷ್ಟೋ ಸಲ ಬಲವುಳ್ಳವರ ಬಾಗಿಲಿಗೆ ಕಾವಲು ನಿಂತಿರುತ್ತಾನೆ. ಹೆಂಗಸರಾದ ನಮಗೆ ಇದು ಓದಿ ತಿಳಿಯಬೇಕಾದ್ದಲ್ಲ. ಆದರೂ ಆ ಶಬ್ದವನ್ನು ಬರೆಯಲು ನನ್ನ ಕೈ ಏಳಲಿಲ್ಲ. ಯಾಕೆಂದು ನನ್ನನ್ನೇ ಕೇಳಿಕೊಂಡೆ. ಆ ಕಾಗದದ ತುಂಬ ಬೇರೆಯವರು ಅವಳ ಬಾಯಿಯಲ್ಲಿ ಮಾತು ಇಟ್ಟಿದ್ದಾರೆ. 'ನಾನು ರಾಜಿಖುಷಿಯಿಂದ' ಎಂದು ಬರೆದವನು ಅವಳಲ್ಲ, ಗುಮಾಸ್ತ. ಈಗ ನಾನು ಅವಳ ಮೇಲಿನ ಮಮತೆಯಿಂದಲೇ ಆದರೂ ಒಂದು ಅಕ್ಷರ ಅಳಿಸಿದರೆ ನಾನೂ ಅವಳ ಪರವಾಗಿ ಬರೆದ ಇನ್ನೊಬ್ಬ ಗುಮಾಸ್ತೆ. ಅವನಿಗೆ ಭಾವ ಮೈದುನರು ದುಡ್ಡು ಕೊಟ್ಟಿದ್ದರು, ನನಗೆ ನನ್ನ ಕಾಲದ ಸಿಟ್ಟು ಕೊಡುತ್ತಿದೆ. ಅವಳು ಹೇಳಿದ್ದೇನು ಎಂಬುದು ಎರಡೂ ಸಲ ಹೊರಗೇ ಉಳಿಯುತ್ತದೆ.

ಹಾಗೆಂದು ಸುಮ್ಮನಿರಬೇಕೆಂದಿಲ್ಲ. ಕಾಗದದಲ್ಲಿ ಏನಿದೆ ಎಂಬುದು ಒಂದು, ಅದರಿಂದ ನನಗೇನು ಅನ್ನಿಸುತ್ತದೆ ಎಂಬುದು ಇನ್ನೊಂದು. ಎರಡನ್ನೂ ಬರೆಯಬಹುದು, ಬೇರೆ ಬೇರೆ ಬರೆಯಬೇಕು. ಎರಡನೆಯದರ ಕೆಳಗೆ ನನ್ನ ಹೆಸರಿರಬೇಕು. ನಾನು ಹಾಗೇ ಮಾಡಿದೆ. ಪ್ರತಿಯಲ್ಲಿ ಅಕ್ಷರದ ಜಾಗ ತೆರವು. ಕೆಳಗೆ ನನ್ನ ಟಿಪ್ಪಣಿ: ಗಂಡ ಅವಿಭಕ್ತನಾಗಿದ್ದರೆ ಕಾಯಿದೆಯಲ್ಲಿ ಈಕೆಗೆ ಬಿಟ್ಟುಕೊಡಲು ಏನೂ ಇರಲಿಲ್ಲ. ಏನೂ ಇಲ್ಲದವಳಿಂದ ಬಿಟ್ಟುಕೊಟ್ಟ ಪತ್ರವನ್ನು ಸ್ಟಾಂಪ್ ಕಾಗದ ಕೊಂಡು, ಸಾಕ್ಷಿ ಕರೆಸಿ ಯಾಕೆ ಬರೆಸಿಕೊಂಡರು? ಮುಂದೆ ತಕರಾರು ಬಾರದಿರಲಿ ಎಂಬ ಮುಂಜಾಗ್ರತೆಗೂ ಹಾಗೆ ಬರೆಸುವುದುಂಟು, ಅದನ್ನೂ ಬರೆದೆ. ಹೊಲದ ದಾಖಲೆ ನೋಡಿ ತೀರ್ಮಾನಿಸೋಣವೆಂದರೆ ಮುಂಬಯಿ ಪ್ರಾಂತದಲ್ಲಿ ಯಾರಿಗೆ ಯಾವ ಹಕ್ಕು ಎಂದು ನಮೂದಿಸುವ ವ್ಯವಸ್ಥೆ ಬಂದದ್ದೇ 1903ರ ಕಾಯಿದೆಯ ಮೇಲೆ. ಅಷ್ಟು ಹೊತ್ತಿಗೆ ಈ ಪತ್ರಕ್ಕೆ ಹತ್ತು ವರ್ಷವಾಗಿತ್ತು.

ಚರಿತ್ರೆ ಅಚ್ಚು ಹಾಕಿಸುವವನಿಗೆ ಟಿಪ್ಪಣಿ ಹಿಡಿಸಲಿಲ್ಲ. ಹುಬ್ಬಳ್ಳಿಯವಳಿಗೆ ತೆರವು ಹಿಡಿಸಲಿಲ್ಲ. ಪತ್ರದ ಪ್ರತಿ ಇಬ್ಬರ ಹತ್ತಿರವೂ ಇದೆ. ಪುಸ್ತಕದಲ್ಲಿ ಅವಳ ಹೆಸರು ಹೇಗೆ ಬರಬೇಕೆಂಬುದು ಇತ್ಯರ್ಥವಾಗುವ ತನಕ ನಾನು ಬೇರೆಲ್ಲೂ ಅದನ್ನು ಬರೆಯುವವಳಲ್ಲ. ಸಾಕಿಸಿಕೊಂಡವಳೆಂದೋ ಸುಲಿಗೆಯಾದವಳೆಂದೋ, ಎರಡರಲ್ಲಿ ಒಂದು ಪಟ್ಟಿ ಕಟ್ಟಿಸಿಕೊಂಡೇ ಅವಳು ಜನರ ಮುಂದೆ ಬರಬೇಕಾಗುತ್ತದೆ. ಸ್ಕಾಟ್ಲೆಂಡಿನ ಆ ಪೀಠದ ಮೇಲೆ ನಿಂತ ಹೆಂಗಸರ ನೆನಪಾಗುತ್ತದೆ. ಊರಿನವರೆದುರು ನಿಂತದ್ದು ಸಾಲದೆಂದು ಈಗ ಜಗತ್ತಿನೆದುರು ನಿಂತಿದ್ದಾರೆ. ಮೊಮ್ಮಕ್ಕಳಿಗೆ ವಂಶದ ಕೊಂಡಿ ಸಿಕ್ಕ ಸಂತೋಷ ನಿಜವೇ, ಅದನ್ನು ಅಲ್ಲಗಳೆಯಲಾರೆ.

ಈ ಓದು ಮನೆಯೊಳಗಿನ ಮಾತಷ್ಟೇ ಎಂದುಕೊಂಡಿದ್ದೆ. 2023ರಲ್ಲಿ ಮಹಾರಾಷ್ಟ್ರದಲ್ಲಿ ಹಾಗಲ್ಲವೆಂದು ತಿಳಿಯಿತು. ಮರಾಠಾ ಕುಟುಂಬಗಳ ಹಿರಿಯರು ಹಳೆಯ ದಾಖಲೆಗಳಲ್ಲಿ ಕುಣಬಿ ಎಂದು ನಮೂದಾಗಿದ್ದಾರೆಯೇ ಎಂದು ಹುಡುಕಲು ಅಲ್ಲಿನ ಸರಕಾರ ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆ ಅವರ ಸಮಿತಿ ನೇಮಿಸಿತು. ಹಳೆಯ ಕಾಗದಗಳಲ್ಲಿ ಬಹಳಷ್ಟು ಮೋಡಿಯವು. ಯಾರಿಗೂ ಬೇಡವಾಗಿದ್ದ ಮೋಡಿ ಓದುವವರನ್ನು ಇದ್ದಕ್ಕಿದ್ದಂತೆ ಹುಡುಕಿಕೊಂಡು ಬಂದರು. ಒಂದು ಶಬ್ದದ ಮೇಲೆ ಒಬ್ಬ ಹುಡುಗನ ಕಾಲೇಜು ಸೀಟು, ನೌಕರಿ ನಿಂತಿರುವಾಗ ಸವೆದ ಕಾಗದದ ಮುಂದೆ ಕುಳಿತವನ ಎದೆ ಹೇಗೆ ಹೊಡೆದುಕೊಂಡಿರಬೇಕು! ಅವನ ಬೆನ್ನ ಹಿಂದೆಯೂ ಎರಡೂ ಕಡೆಯವರು ನಿಂತಿರುತ್ತಾರೆ. ಈಗ ಗಣಕಯಂತ್ರಕ್ಕೂ ಮೋಡಿ ಕಲಿಸುವ ಯತ್ನ ನಡೆದಿದೆ. 2014ರಲ್ಲೇ ಈ ಲಿಪಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದೆ. ಯಂತ್ರ ನನಗಿಂತ ಬೇಗ ಓದೀತು, ಸಂತೋಷ. ಮಡಿಕೆಯ ಹತ್ತಿರ ಬಂದಾಗ ಅದು ತೆರವು ಬಿಡುತ್ತದೆಯೋ, ಸಾಮಾನ್ಯವಾಗಿ ಎಲ್ಲರೂ ಬರೆಯುವ ಶಬ್ದವನ್ನೇ ತುಂಬಿಬಿಡುತ್ತದೆಯೋ ಎಂದು ಒಮ್ಮೆ ಪರೀಕ್ಷೆ ಮಾಡಿ ನೋಡುವ ಆಸೆಯಿದೆ.

ಗಂಟು ಇನ್ನೂ ಅರ್ಧ ಉಳಿದಿದೆ. ಈಗ ಓದುತ್ತಿರುವುದು ಆ ಪತ್ರದ ನಂತರದ ವರ್ಷಗಳ ಮನೆಖರ್ಚಿನ ಲೆಕ್ಕದ ಚೀಟಿಗಳು. ಬೇರೆ ಯಾರದೋ ಕೈ, ಅಕ್ಷರ ತೀರ ಕೆಟ್ಟದ್ದು. ಉಕ್ಕಿನ ಮೊನೆಯ ಪೆನ್ನು ಬಂದ ಮೇಲೆ ಮೋಡಿಯ ಅಂದವೇ ಹೋಯಿತೆಂದು ಮಾಸ್ತರರು ಗೊಣಗುತ್ತಿದ್ದರು. ಎಣ್ಣೆ, ಬೆಲ್ಲ, ಆಳಿನ ಕೂಲಿ, ಎತ್ತಿನ ಹಗ್ಗ. ನಡುವೆ ಅವಳ ಹೆಸರು ಬರುತ್ತದೆ. ಮೊದಲ ವರ್ಷದ ಚೀಟಿಯಲ್ಲಿ ಅದರ ಮುಂದೆ ಸೀರೆ 2 ಎಂದಿದೆ. ಎರಡನೆಯ ವರ್ಷದ್ದು ಸಿಕ್ಕಿಲ್ಲ. ಮೂರನೆಯ ವರ್ಷದ್ದರಲ್ಲಿ ಸೀರೆ 1. ಅಂಕಿ ಸ್ಪಷ್ಟವಾಗಿದೆ, ಅಲ್ಲಿ ಮಡಿಕೆ ಬಿದ್ದಿಲ್ಲ.